ಹುಣಸಿ ಬೀಜದ ಲೆಕ್ಕ

ನಮ್ಮ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿ ಯಾರನ್ನಾದರೂ ಹೊಗಳಬೇಕಾದರೆ "ಭಾಳ ಗಟ್ಟಿ ಆಳ ನೋಡ್ರಿ" ಅನ್ನುತ್ತಾರೆ. ಜೋಳದ ಚೀಲ ಹೊತ್ತು ಮಾಳಿಗೆ ಏರಿದರೂ ಏದುಸಿರು ಬಿಡದವ ಗಟ್ಟಿ. ಸುಗ್ಗಿಯಲ್ಲಿ ದಿನವಿಡೀ ಬಗ್ಗಿ ಕೊಯ್ದು, ಮರುದಿನ ನಸುಕಿನಲ್ಲಿ ಮತ್ತೆ ಕುಡಗೋಲು ಹಿಡಿಯುವ ಹೆಣ್ಣುಮಗಳು ಗಟ್ಟಿ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಗೆ ನಡೆದುಹೋಗಿ ಬಂದು, ಎರಡನೆಯ ದಿನಕ್ಕೆ ಹೊಲದಲ್ಲಿ ಕಳೆ ತೆಗೆಯುವ ಮುದುಕಿ ಗಟ್ಟಿ. ನಮ್ಮ ಹಿರಿಯರು ಮೈಯ ಶಕ್ತಿಯನ್ನು ಕೆಲಸದಿಂದಲೇ ಅಳೆಯುತ್ತಿದ್ದರು.

ಈ ಗಟ್ಟಿತನ ಎಲ್ಲಿಂದ ಬರುತ್ತದೆ ಅನ್ನುವ ಬಗ್ಗೆ ನಾನು ನೋಡಿದ್ದು, ಮಾಡಿದ್ದು ಇಲ್ಲಿ ಬರೆಯುತ್ತೇನೆ. ನಾನೇನು ಹೆಸರಾದ ಪೈಲವಾನ ಅಲ್ಲ. ಕನ್ನಡ ಶಾಲೆಯ ಮಾಸ್ತರ, ಈಗ ನಿವೃತ್ತ. ಆದರೆ ಹದಿನಾಲ್ಕನೆಯ ವಯಸ್ಸಿಗೆ ನಮ್ಮೂರ ತಾಲೀಮಿಗೆ ಕಾಲಿಟ್ಟವನು ಇವತ್ತಿನ ತನಕ ಬೈಠಕ ಬಿಟ್ಟಿಲ್ಲ. ಅರವತ್ತೆರಡಾಗಿದೆ. ನೆಲಕ್ಕೆ ಕೈ ಊರದೆ ಕೂಡುತ್ತೇನೆ, ಏಳುತ್ತೇನೆ. ಅಷ್ಟೇ ನನ್ನ ಬಿರುದು.

ತಾಲೀಮು ಅಂದರೆ ಈಗಿನ ಹುಡುಗರಿಗೆ ಹನುಮಂತನ ಗುಡಿಯ ಮಗ್ಗುಲಿನ ಹಳೆಯ ಕಟ್ಟಡ. ನಮಗೆ ಅದು ಎರಡನೆಯ ಶಾಲೆ. ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ಆಸರೆ ಕೊಟ್ಟು ಖಾಸಬಾಗ ಮೈದಾನ ಕಟ್ಟಿಸಿದ ಮೇಲೆ ಈ ಸೀಮೆಯಲ್ಲೆಲ್ಲ ಕುಸ್ತಿಯ ಹುಚ್ಚು ಬೆಳೆಯಿತು. ಮರಾಠಿ ಆಡುವ ಊರಿರಲಿ, ಕನ್ನಡ ಆಡುವ ಊರಿರಲಿ, ತಾಲೀಮಿನ ಮಾತು ಒಂದೇ: ವಸ್ತಾದ, ಪೈಲವಾನ, ಜೋರು, ಬೈಠಕ, ಅಖಾಡ. ಬಾಗಿಲು ಗಿಡ್ಡ, ಬಗ್ಗಿ ಒಳಗೆ ಹೋಗಬೇಕು. ಒಳಗೆ ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿದ ಕೆಮ್ಮಣ್ಣು. ಗೋಡೆಗೆ ಒರಗಿಸಿದ ಮುದ್ಗಲ, ಮೂಲೆಯಲ್ಲಿ ಎತ್ತುವ ಗುಂಡುಗಳು. ಮೇಲೆ ಒಂದು ಬೆಳಕಿಂಡಿ.

ನಮ್ಮ ವಸ್ತಾದ ಅಜ್ಜ ಓದು ಬಲ್ಲವನಲ್ಲ. ಆದರೆ ಪಾಠ ಹೇಳುವ ಕ್ರಮ ಅವನಿಂದ ಕಲಿತಷ್ಟು ನಾನು ಅಧ್ಯಾಪಕ ವಿದ್ಯಾಲಯದಲ್ಲೂ ಕಲಿಯಲಿಲ್ಲ. ನಾವು ನಾಲ್ಕು ಹುಡುಗರು ಒಟ್ಟಿಗೆ ಸೇರಿದೆವು. ನಮಗೆಲ್ಲ ಢಾಕ್, ಧೋಬಿ ಪಛಾಡ್, ಕಲಾಜಂಗ್ ಕಲಿಯುವ ಅವಸರ. ಜಾತ್ರೆಯ ಕುಸ್ತಿಯಲ್ಲಿ ನೋಡಿದ ಪಟ್ಟುಗಳವು. ಅಜ್ಜ ಆರು ತಿಂಗಳು ನಮಗೆ ಒಂದು ಪಟ್ಟೂ ಹೇಳಿಕೊಡಲಿಲ್ಲ. ಮುಂಜಾನೆ ಸಲಿಕೆ ಹಿಡಿದು ಅಖಾಡದ ಮಣ್ಣು ಅಗೆದು ಸಡಿಲು ಮಾಡು. ಆಮೇಲೆ ಜೋರು ಹೊಡಿ. ಆಮೇಲೆ ಬೈಠಕ ಹೊಡಿ. ಆಮೇಲೆ ಮನೆಗೆ ಹೋಗು. ನಮ್ಮಲ್ಲಿ ಒಬ್ಬ ಬೇಸತ್ತು ಕೇಳಿಯೇಬಿಟ್ಟ: "ಅಜ್ಜಾ, ಕುಸ್ತಿ ಯಾವಾಗ ಕಲಸ್ತಿ?"

ಅಜ್ಜ ಅಂದ: "ಮಗಾ, ಓಂ ನಾಮಾ ಬರದ ಪತ್ರಾ ಬರೀತೀ ಏನು? ಮೊದಲ ಏಳೂದು ಕೂಡೂದು ಕಲಿ."

ಆ ಹುಡುಗ ಮೂರನೆಯ ತಿಂಗಳಿಗೆ ಬಿಟ್ಟ. ಉಳಿದ ಮೂವರಿಗೆ ಆರು ತಿಂಗಳ ಮೇಲೆ ಮೊದಲ ಪಟ್ಟು ಹೇಳಿಕೊಟ್ಟಾಗ ಅದು ಎಂಟು ದಿನಕ್ಕೆ ಕೈಗೆ ಬಂತು. ಸೊಂಟ, ತೊಡೆ, ಹೆಗಲು, ಕೈ ಹಿಡಿತ ಮೊದಲೇ ತಯಾರಾಗಿದ್ದವು. ಪಟ್ಟು ಅವುಗಳ ಮೇಲೆ ಬಂದು ಕೂತಿತು.

ಈ ತಳಪಾಯದ ಕೆಲಸ ಎಲ್ಲಿಯವರೆಗೆ ಒಯ್ಯುತ್ತದೆ ಅನ್ನುವುದಕ್ಕೆ ಪಕ್ಕದ ಸಾತಾರಾ ಜಿಲ್ಲೆಯ ಮಾತೇ ಸಾಕು. ಕರಾಡ ಹತ್ತಿರದ ಗೋಳೇಶ್ವರ ಅನ್ನುವ ಹಳ್ಳಿಯ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡುವ ಆಟದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಅವರು ಆಡಿದ್ದು 57 ಕಿಲೋ ತೂಕದ ವರ್ಗದಲ್ಲಿ. ನಮ್ಮೂರಿನ ಸಾಧಾರಣ ಮೈಕಟ್ಟಿನ ಹುಡುಗನಷ್ಟೇ ತೂಕ. ಮಣ್ಣಿನ ಅಖಾಡದಲ್ಲಿ ಬೆಳೆದ ಮೈ ಅದು.

ಅಜ್ಜ ಹೇಳುತ್ತಿದ್ದ ಮೂಲಪಾಠ ಐದು. ಕೂತು ಏಳುವುದು, ನೂಕುವುದು, ನೆಲದಿಂದ ಎತ್ತುವುದು, ಹೊತ್ತು ನಡೆಯುವುದು, ದೂರ ನಡೆಯುವುದು. ರೈತನ ಮನೆಯಲ್ಲಿ ಈ ಐದನ್ನು ಬಿಟ್ಟು ಆರನೆಯ ಕೆಲಸ ಯಾವುದಿದೆ ನೀವೇ ಯೋಚಿಸಿ.

ಬೈಠಕದಲ್ಲಿ ನೆಲಕ್ಕೆ ಹತ್ತಿರ ಇಳಿದು ಏಳಬೇಕು. ಮೊಣಕಾಲು ಒಳಗೆ ಮಡಚಿ ಬೀಳದಂತೆ ಬೆರಳಿನ ದಿಕ್ಕಿಗೇ ಇರಬೇಕು. ಇಳಿಯುವಾಗ ಒಂದು ಉಸಿರು, ಏಳುವಾಗ ಒಂದು ಉಸಿರು. ಜೋರು ಅಂದರೆ ಕೆಲವರು ದಂಡ ಅನ್ನುತ್ತಾರೆ. ಅಂಗೈ ನೆಲಕ್ಕೆ ಊರಿ, ಸೊಂಟ ಮೇಲೆತ್ತಿ, ಎದೆಯನ್ನು ನೆಲ ಸವರುವ ಹಾಗೆ ಮುಂದೆ ಒಯ್ದು ತಲೆ ಎತ್ತುವುದು. ಬೆಕ್ಕು ನಿದ್ದೆಯಿಂದ ಎದ್ದು ಮೈ ಮುರಿಯುವುದನ್ನು ನೋಡಿದವರಿಗೆ ಬೇರೆ ಚಿತ್ರ ಬೇಡ. ಹೆಗಲು, ಎದೆ, ಹೊಟ್ಟೆ, ಬೆನ್ನು ನಾಲ್ಕಕ್ಕೂ ಒಂದೇ ಸಲ ಕೆಲಸ.

ಎತ್ತುವುದರಲ್ಲಿ ಅಜ್ಜ ಬಹಳ ಕಟ್ಟುನಿಟ್ಟು. ಗುಂಡಿನ ಹತ್ತಿರ ನಿಲ್ಲಬೇಕು, ದೂರದಿಂದ ಕೈ ಚಾಚಬಾರದು. ಸೊಂಟ ಇಳಿಸಬೇಕು, ಬೆನ್ನು ಬಿಲ್ಲಾಗಬಾರದು. ಗುಂಡನ್ನು ಮೊದಲು ತೊಡೆಯ ಮೇಲೆ ತಗೋ, ಅಲ್ಲಿ ಒಂದು ಉಸಿರು, ಆಮೇಲೆ ಎದೆಗೆ ಅಪ್ಪಿಕೊಂಡು ಕಾಲಿನ ಬಲದಿಂದ ಏಳು. "ಕಾಲು ಎತ್ತಬೇಕು, ಕೈ ಬರೇ ಹಿಡೀಬೇಕು" ಅಂತ ದಿನಾ ಹೇಳುತ್ತಿದ್ದ. ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು, ಜೋಳದ ಚೀಲ ಎತ್ತುವವರನ್ನು ಗಮನಿಸಿರಿ. ಗೆಲ್ಲುವವ ಮೊದಲು ಕಾಲಿನ ಜಾಗ ನೋಡಿಕೊಳ್ಳುತ್ತಾನೆ. ಇತ್ತ ಹೊಲದಲ್ಲಿ ನಡು ಹಿಡಿದವರನ್ನು ಕೇಳಿದರೆ ಹತ್ತರಲ್ಲಿ ಏಳೆಂಟು ಮಂದಿ ಹೇಳುವುದು ಒಂದೇ: "ಬಗ್ಗಿ ಎಳ್ಯಾಕ ಹೋದೆ ನೋಡ್ರಿ, ಕಟಕ್ ಅಂತು."

ಇನ್ನು ಲೆಕ್ಕ. ಅಜ್ಜನ ಹತ್ತಿರ ಒಂದು ಡಬ್ಬಿ ತುಂಬ ಹುಣಸಿ ಬೀಜ ಇದ್ದವು. ಹೊಸ ಹುಡುಗನಿಗೆ ಹತ್ತು ಬೀಜ ಎಣಿಸಿ ಎಡಕ್ಕೆ ಇಡುತ್ತಿದ್ದ. ಒಂದು ಬೈಠಕ ಆದ ಮೇಲೆ ಒಂದು ಬೀಜ ಬಲಕ್ಕೆ. ಹತ್ತೂ ಬಲಕ್ಕೆ ಬಂದರೆ ಅವತ್ತಿನ ಪಾಠ ಮುಗಿಯಿತು. ಇನ್ನೂ ಹೊಡೆಯುತ್ತೇನೆ ಅಂದರೂ ಬಿಡುತ್ತಿರಲಿಲ್ಲ. ವಾರಕ್ಕೆ ಎರಡೇ ಬೀಜ ಹೆಚ್ಚಿಗೆ. ನಮಗೆ ನಗು ಬರುತ್ತಿತ್ತು. ಆದರೆ ವಾರಕ್ಕೆ ಎರಡು ಅಂದರೆ ವರ್ಷಕ್ಕೆ ನೂರಾ ನಾಲ್ಕು. ಹತ್ತರಿಂದ ಸುರು ಮಾಡಿದವ ಒಂದು ವರ್ಷಕ್ಕೆ ನೂರರ ಮೇಲೆ ಬೈಠಕ ಹೊಡೆಯುತ್ತಾನೆ, ಅದೂ ಒಂದು ದಿನವೂ ಕಾಲು ಹಿಡಿಸಿಕೊಳ್ಳದೆ. ಜ್ವರ ಬಂದರೆ, ಊರಿಗೆ ಹೋದರೆ, ತಿರುಗಿ ಬಂದಾಗ ನಾಲ್ಕು ಬೀಜ ಕಡಿಮೆ. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ ಅನ್ನುತ್ತಿದ್ದ. ವಾರಕ್ಕೆ ಒಂದು ದಿನ ಪೂರ್ತಿ ವಿಶ್ರಾಂತಿ. ಎತ್ತಿಗೂ ಹೆಗಲು ಆರಬೇಕಲ್ಲ.

ತಿನ್ನುವುದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ನಮ್ಮ ಮನೆಯಲ್ಲೇ ಎಲ್ಲ ಇದೆ. ಜೋಳದ ರೊಟ್ಟಿ, ಹೆಸರುಕಾಳು, ಮೊಳಕೆ ಬಂದ ಕಡಲೆ, ಶೇಂಗಾ, ಹಾಲು ಮಜ್ಜಿಗೆ, ತಿನ್ನುವವರಿಗೆ ತತ್ತಿ. ಬಡ ಮನೆಯ ಹುಡುಗ ಸಾವಿರಾರು ರೂಪಾಯಿ ಕೊಟ್ಟು ಡಬ್ಬಿಯ ಪುಡಿ ತರುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಆ ದುಡ್ಡಿಗೆ ಮನೆ ಮಂದಿಗೆಲ್ಲ ತಿಂಗಳುಗಟ್ಟಲೆ ಕಾಳು ಬರುತ್ತದೆ.

ಈಗ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಮೈ ಗಟ್ಟಿ ಮಾಡಿಕೊಳ್ಳಲು ದೊಡ್ಡ ಕಾರಣ ಪೊಲೀಸ್ ಭರ್ತಿ, ಮಿಲಿಟರಿ ಭರ್ತಿ. ಮಳೆ ನಂಬಲಾಗದ ಸೀಮೆ ನಮ್ಮದು. ಮನೆಗೊಂದು ಪಗಾರದ ನೌಕರಿ ಬಂದರೆ ಸಾಲ ತೀರುತ್ತದೆ. ಆದರೆ ಜಾಹೀರಾತು ಬಂದ ಮೇಲೆ ಎದ್ದು ಓಡುವವರೇ ಬಹಳ. ಒಂದು ವರ್ಷ ಮಲಗಿದ್ದ ಕಾಲು ಒಮ್ಮೆಗೇ ದಿನಾ ಐದು ಕಿಲೋಮೀಟರು ಡಾಂಬರಿನ ಮೇಲೆ ಓಡಿದರೆ ಏನಾಗುತ್ತದೆ? ಹದಿನೈದು ದಿನಕ್ಕೆ ಮೊಣಕಾಲ ಕೆಳಗಿನ ಎಲುಬು ನೋಯಲು ಸುರುವಾಗುತ್ತದೆ, ಭರ್ತಿಯ ದಿನ ಕುಂಟುತ್ತ ಹೋಗುತ್ತಾರೆ.

ನನ್ನ ಅಣ್ಣನ ಮಗಳ ಮಾತು ಇಲ್ಲಿ ಹೇಳಬೇಕು. ಅಣ್ಣನಿಗೆ ಎರಡು ಎಕರೆ ದಾಳಿಂಬೆ ಇತ್ತು. ರೋಗ ಬಿದ್ದು ತೋಟ ಹೋಯಿತು, ಸಾಲ ಉಳಿಯಿತು. ಪೆಟ್ಟಿಗೆ ಎತ್ತಿ ಎತ್ತಿ ಅವನ ನಡುವೂ ಹೋಯಿತು. ಮಗಳು ಹನ್ನೆರಡನೆಯ ಇಯತ್ತೆ ಮುಗಿಸಿ, ಪೊಲೀಸ್ ಆಗುತ್ತೇನೆ ಅಂದಳು. ಮಹಾರಾಷ್ಟ್ರದ ಪೊಲೀಸ್ ಭರ್ತಿಯಲ್ಲಿ ಹೆಣ್ಣುಮಕ್ಕಳಿಗೆ 800 ಮೀಟರ್ ಓಟಕ್ಕೆ 20 ಗುಣ, 100 ಮೀಟರ್ ಓಟಕ್ಕೆ 15, ನಾಲ್ಕು ಕಿಲೋ ಗುಂಡು ಎಸೆತಕ್ಕೆ 15. ಒಟ್ಟು 50. ಅದರಲ್ಲಿ ಅರ್ಧ ಬರದಿದ್ದರೆ ಲೇಖಿ ಪರೀಕ್ಷೆಗೆ ಕರೆಯುವುದೇ ಇಲ್ಲ. ಆ ಲೇಖಿ ಪರೀಕ್ಷೆ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಅದು ಎರಡನೆಯ ಗುಡ್ಡ.

ಮೊದಲನೆಯ ಸಲ ಒಂದು ತಿಂಗಳ ತಯಾರಿಯಲ್ಲಿ ಹೋದಳು. 50ಕ್ಕೆ 23 ಬಂತು. ಎರಡು ಗುಣಕ್ಕೆ ತಪ್ಪಿತು. ಮನೆಗೆ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ನಮ್ಮ ಮನೆಗೆ ಬಂದು ಕೇಳಿದಳು: "ಕಾಕಾ, ನಿಮ್ಮ ಅಜ್ಜ ಕಲಿಸಿದ್ದು ನನಗ ಕಲಸ್ತೀರೇನು?"

"ವರ್ಷ ಹಿಡೀತೈತಿ ಯವ್ವಾ" ಅಂದೆ.

"ಹಿಡೀಲಿ."

ತಾಲೀಮಿಗೆ ಕರೆದುಕೊಂಡು ಹೋಗೋಣ ಅಂದರೆ ಹಿರಿಯರು ಒಪ್ಪಲಿಲ್ಲ. ಹನುಮಪ್ಪ ಬ್ರಹ್ಮಚಾರಿ, ಕೆಮ್ಮಣ್ಣಿಗೆ ಹೆಣ್ಣುಮಕ್ಕಳು ಬರಬಾರದು, ಇದು ಅಪ್ಪ ಅಜ್ಜರ ಕಾಲದ ಪದ್ಧತಿ ಅಂದರು. ನಾನು ನನ್ನ ಮಾತು ಹೇಳಿದೆ. ಒಲಿಂಪಿಕ್ಸಿನಲ್ಲಿ 2004ರಿಂದ ಹೆಣ್ಣುಮಕ್ಕಳ ಕುಸ್ತಿ ಇದೆ, 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು, ಅವರೂ ಹನುಮಪ್ಪನ ಭಕ್ತರ ನಾಡಿನವರೇ ಅಂದೆ. ಕೆಲವರು ಸುಮ್ಮನಾದರು, ಕೆಲವರು ಸಿಟ್ಟಾದರು. ಆಗ ವಸ್ತಾದ ಅಜ್ಜ ಇನ್ನೂ ಇದ್ದ, ತೊಂಬತ್ತರ ಹತ್ತಿರ. ಕಟ್ಟೆಯ ಮೇಲೆ ಕೂತವ ಹೇಳಿದ: "ಅಖಾಡದ ಬಾಗಲಾ ನೀವು ಹಾಕ್ಕೋರಿ. ಬೈಠಕ ಹೊಡ್ಯಾಕ ಮಣ್ಣ ಯಾಕ ಬೇಕು, ಕಾಲ ಬೇಕು. ರಾಶಿ ಕಣದಾಗ ಹೊಡೀಲಿ." ತನ್ನ ಬೀಜದ ಡಬ್ಬಿಯನ್ನು ಮೊಮ್ಮಗನ ಕೈಯಲ್ಲಿ ನಮ್ಮ ಮನೆಗೆ ಕಳಿಸಿದ. ತಾಲೀಮಿನ ಬಾಗಿಲು ಇವತ್ತಿಗೂ ಹುಡುಗಿಯರಿಗೆ ತೆರೆದಿಲ್ಲ. ಅದು ಸರಿಯಲ್ಲ ಅಂತ ನಾನು ಇಲ್ಲಿ ಬರೆದೇ ಇಡುತ್ತೇನೆ.

ನಮ್ಮ ಕಣದಲ್ಲಿ ಹತ್ತು ಬೀಜದಿಂದ ಸುರುವಾಯಿತು. ವಾರದಲ್ಲಿ ಮೂರು ದಿನ ಜೋರು, ಬೈಠಕ, ಗುಂಡು, ಹೊರೆ. ಮೂರು ದಿನ ಓಟ. ಒಂದು ದಿನ ವಿಶ್ರಾಂತಿ. ಮೊದಲ ಎರಡು ತಿಂಗಳ ಓಟ ಎಷ್ಟು ನಿಧಾನ ಅಂದರೆ ಪಕ್ಕದವರ ಜೊತೆ ಮಾತಾಡುತ್ತ ಓಡಬಹುದು. ಡಾಂಬರು ಬಿಟ್ಟು ಹೊಲದ ಬದಿಯ ಮಣ್ಣಿನ ದಾರಿ. ಆಮೇಲೆ ಶಾಲೆಯ ಬಯಲಿನಲ್ಲಿ ಟೇಪು ಹಿಡಿದು 100 ಮೀಟರ್ ಅಳೆದು ಎರಡು ಕಡೆ ಸುಣ್ಣ ಹಾಕಿದೆವು. ವಾರಕ್ಕೆ ಒಂದು ದಿನ ಮಾತ್ರ ಅಲ್ಲಿ ಜೋರಾಗಿ ಓಡುವುದು.

ಗುಂಡಿಗೆ ದುಡ್ಡಿರಲಿಲ್ಲ. ಹಳ್ಳದಿಂದ ದುಂಡನೆಯ ಕಲ್ಲು ತಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ನಾಲ್ಕು ಕಿಲೋಗೆ ಐವತ್ತು ಗ್ರಾಂ ಹೆಚ್ಚು, ಇರಲಿ ಅಂದೆವು. ಮೊದಲ ಸಲ ಅವಳು ಗುಂಡನ್ನು ಹಕ್ಕಿ ಓಡಿಸಲು ಕಲ್ಲು ಎಸೆದ ಹಾಗೆ ಎಸೆದಿದ್ದಳು. ಗುಂಡು ಎಸೆಯುವುದಲ್ಲ, ನೂಕುವುದು. ಕುತ್ತಿಗೆಗೆ ತಾಗಿಸಿ ಹಿಡಿದು, ಮೊಣಕಾಲು ಬಗ್ಗಿಸಿ, ಕಾಲಿನಿಂದ ಎದ್ದ ಬಲ ಸೊಂಟಕ್ಕೆ ಬಂದು, ಸೊಂಟದಿಂದ ಹೆಗಲಿಗೆ ಬಂದು, ಕೊನೆಗೆ ಕೈ ಚಾಚಬೇಕು. ಬೈಠಕದ ತೊಡೆ, ಜೋರಿನ ಹೆಗಲು ಎರಡೂ ಅಲ್ಲಿ ಕೂಡುತ್ತವೆ. ನಾಲ್ಕು ತಿಂಗಳು ನಿಂತಲ್ಲಿಂದಲೇ ನೂಕಿಸಿದೆ, ತಿರುಗಿ ನೂಕುವುದು ಆಮೇಲೆ. ಹೊರೆ ಅಂದರೆ ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿದ್ದು. ಮೊದಲು 10 ಕಿಲೋ, ವರ್ಷದ ಕೊನೆಗೆ 25. ಅದನ್ನು ಹೊತ್ತು ಬಾವಿಯ ತನಕ ಹೋಗಿ ಬರುವುದು.

ಮರಾಠಿಗೂ ಇದೇ ಕ್ರಮ. ದಿನಾ ಹತ್ತು ಸಾಲು ವಾಚನ, ಐದು ಸಾಲು ಬರವಣಿಗೆ, ಒಂದು ಪುಟ ವ್ಯಾಕರಣ. ಬಿಡುವಂತಿಲ್ಲ, ಹೆಚ್ಚು ಮಾಡುವಂತೆಯೂ ಇಲ್ಲ.

ಮಧ್ಯದಲ್ಲಿ ಬೇಸರ ಬಂದ ದಿನಗಳು ಬೇಕಾದಷ್ಟು. ಐದನೆಯ ತಿಂಗಳು ಓಟದ ವೇಳೆ ಕಡಿಮೆ ಆಗಲೇ ಇಲ್ಲ. ಓಣಿಯವರ ಮಾತು ಬೇರೆ: "ಮದಿವಿ ಮಾಡೂ ವಯಸ್ಸಿನ್ಯಾಗ ಚೀಲಾ ಹೊರಸ್ತಾರ." ಅವಳು ಕೇಳಿಸಿಕೊಂಡು ಬೀಜ ಎಣಿಸುತ್ತಿದ್ದಳು. ಏಳನೆಯ ತಿಂಗಳಿಗೆ ಓಟ ತಾನಾಗಿ ಹಗುರಾಯಿತು.

ಆ ವರ್ಷದ ಮಳೆಗಾಲದಲ್ಲಿ ಒಂದು ಸಂಜೆ ತೋಟದ ವಸ್ತಿಯಲ್ಲಿ ಅವಳ ತಮ್ಮನ ಕಾಲಿಗೆ ಹಾವು ಕಚ್ಚಿತು. ಹತ್ತು ವರ್ಷದ ಹುಡುಗ. ಎರಿ ಮಣ್ಣಿನ ದಾರಿ, ಮೂರು ದಿನದ ಮಳೆ. ಮೋಟಾರ್ ಸೈಕಲ್ಲಿನ ಗಾಲಿಗೆ ಕೆಸರು ತುಂಬಿ ಹತ್ತು ಮಾರು ಹೋಗುವುದರಲ್ಲಿ ನಿಂತಿತು. ಹಾವು ಕಚ್ಚಿದವರನ್ನು ನಡೆಸಬಾರದು, ಕಚ್ಚಿದ ಕಾಲು ಅಲುಗಾಡಬಾರದು, ಬಿಗಿದು ಕಟ್ಟಬಾರದು ಅಂತ ಶಾಲೆಯಲ್ಲಿ ಕಲಿತದ್ದು ಅವಳಿಗೆ ನೆನಪಿತ್ತು. ಕಾಲಿಗೆ ಕೋಲು ಇಟ್ಟು ಟವೆಲ್ಲು ಸುತ್ತಿದಳು. ಅಣ್ಣನಿಗೆ ನಡು ಇಲ್ಲ. ಅವಳೇ ತಮ್ಮನನ್ನು ಹೊತ್ತಳು. ಟಾರು ರಸ್ತೆ ಒಂದು ಕಿಲೋಮೀಟರಿನ ಮೇಲೆ. ಅಣ್ಣ ಬ್ಯಾಟರಿ ಹಿಡಿದು ಮುಂದೆ, ಇವಳು ಹಿಂದೆ. ದಾರಿಯಲ್ಲಿ ಎರಡು ಸಲ ನಿಂತಳಂತೆ, ಆದರೆ ಕೆಳಗೆ ಇಳಿಸಲಿಲ್ಲ. ರಸ್ತೆಯಲ್ಲಿ ಒಂದು ಟೆಂಪೋ ಸಿಕ್ಕಿತು. ದವಾಖಾನೆಯಲ್ಲಿ ವಿಷದ ಮದ್ದು ಹತ್ತಿತು, ಹುಡುಗ ಉಳಿದ. ಈಗ ಆರನೆಯ ಇಯತ್ತೆ.

ಮರುದಿನ ಅವಳನ್ನು ಕೇಳಿದೆ, ಹೇಗೆ ಹೊತ್ತೆ ಅಂತ. "ದಿನಾ ಹೊರೂ ಚೀಲಕ್ಕಿಂತ ಮೂರೋ ನಾಕೋ ಕಿಲೋ ಜಾಸ್ತಿ ಇದ್ದ ಕಾಕಾ" ಅಂದಳು. ಆ ದಿನ ಓಣಿಯವರ ಬಾಯಿ ಮುಚ್ಚಿತು.

ಎರಡನೆಯ ಭರ್ತಿ ಬರಲು ವರ್ಷದ ಮೇಲೆ ಹಿಡಿಯಿತು. ಮೈದಾನದಲ್ಲಿ ಈ ಸಲ 50ಕ್ಕೆ 39. ಲೇಖಿ ಪರೀಕ್ಷೆಗೆ ಕೂತಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ, ನಾಲ್ಕು ಗುಣ ಕಡಿಮೆ. ಅಣ್ಣನಿಗೆ ದುಃಖವಾಯಿತು, ನನಗೂ ಆಯಿತು. ಎಲ್ಲ ಕಷ್ಟಕ್ಕೂ ಫಲ ಬಂದೇ ಬರುತ್ತದೆ ಅಂತ ಸುಳ್ಳು ಹೇಳಲಾರೆ. ನೌಕರಿ ಅವಳ ಕೈಯಲ್ಲಿಲ್ಲ, ಜಾಗ ಎಷ್ಟು ತೆಗೆಯುತ್ತಾರೋ ಅದರ ಮೇಲಿದೆ. ಆದರೆ 23ರಿಂದ 39ಕ್ಕೆ ಬಂದದ್ದು ಅವಳ ಕೈಯಲ್ಲಿತ್ತು. ಅದನ್ನು ಯಾರೂ ಕಸಿದುಕೊಳ್ಳಲಾರರು. ಪಟ್ಟಿ ಬಂದ ಮರುದಿನ ನಾನು ಏನೂ ಹೇಳಲಿಲ್ಲ. ನಸುಕಿನಲ್ಲಿ ಕಣದ ಕಡೆ ನೋಡಿದರೆ ಡಬ್ಬಿ ತೆರೆದಿತ್ತು. ಈಗ ಮೂರನೆಯ ಸಲಕ್ಕೆ ತಯಾರಿ ನಡೆದಿದೆ, ಮರಾಠಿಯ ಸಾಲುಗಳು ಹತ್ತರಿಂದ ಮೂವತ್ತಾಗಿವೆ.

ಭರ್ತಿಯ ಹುಡುಗರಿಗಷ್ಟೇ ಈ ಮಾತು ಅಂತ ಉಳಿದವರು ತಿಳಿಯಬಾರದು. ಟ್ರ್ಯಾಕ್ಟರು, ಮೋಟಾರು, ನಳದ ನೀರು ಬಂದ ಮೇಲೆ ನಮ್ಮ ಮೈಗೆ ಮೊದಲಿನ ಕೆಲಸವಿಲ್ಲ. ಮಧ್ಯವಯಸ್ಸು ದಾಟಿದ ಮೇಲೆ ಸ್ನಾಯುಗಳು ತಾವಾಗಿ ಕರಗುತ್ತ ಹೋಗುತ್ತವೆ, ಕೆಲಸ ಕೊಟ್ಟರೆ ಮಾತ್ರ ನಿಲ್ಲುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಶ್ರಮ ಮತ್ತು ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಹೇಳುತ್ತದೆ. 65 ದಾಟಿದವರಿಗೆ ತೋಲ ಕಾಯುವ ವ್ಯಾಯಾಮವೂ ಬೇಕು ಅನ್ನುತ್ತದೆ, ಬೀಳಬಾರದಲ್ಲ, ಅದಕ್ಕೆ. ವಸ್ತಾದ ಅಜ್ಜನ ಐದು ಪಾಠದಲ್ಲಿ ಇದೆಲ್ಲ ಬಂದೇ ಬರುತ್ತದೆ.

ಮೊಣಕಾಲು ನೋವಿರುವವರು ಪೂರ್ತಿ ಕೂಡುವುದು ಬೇಡ. ಕಟ್ಟೆಯ ಮೇಲೆ ಕೂತು, ಕೈ ಊರದೆ ಏಳಿರಿ. ಐದು ಸಲ ಸಾಕು. ಜೋರು ಆಗದವರು ಗೋಡೆಗೆ ಅಂಗೈ ಊರಿ ನೂಕಿರಿ. ಎದೆಯ ಬೇನೆ, ರಕ್ತದೊತ್ತಡ ಇದ್ದವರು ಡಾಕ್ಟರರನ್ನು ಕೇಳಿ ಸುರು ಮಾಡಿರಿ. ಶಾಲೆಯ ಮಾಸ್ತರರಿಗೂ ಬಾಯಿಯವರಿಗೂ ನನ್ನದೊಂದು ವಿನಂತಿ: ಪ್ರಾರ್ಥನೆ ಮುಗಿದ ಮೇಲೆ ಹತ್ತು ಬೈಠಕ, ಐದು ಜೋರು ಮಕ್ಕಳ ಜೊತೆ ನೀವೂ ಹೊಡೆಯಿರಿ. ನಾಲ್ಕು ನಿಮಿಷದ ಕೆಲಸ. ಹೊಸ ಹೊಸ ಕವಾಯತು ಹುಡುಕಬೇಡಿ, ಇದೇ ಎರಡನ್ನು ವರ್ಷವಿಡೀ ನೆಟ್ಟಗೆ ಮಾಡಿಸಿರಿ.

ನಮ್ಮೂರ ಶಾಲೆಯ ಬಯಲಿನಲ್ಲಿ ಈಗ ಮುಂಜಾನೆ ಐದೂವರೆಗೆ ಏಳು ಹುಡುಗಿಯರು, ನಾಲ್ಕು ಹುಡುಗರು ಬರುತ್ತಾರೆ. ಹೇಳಿಕೊಡುವವಳು ಅಣ್ಣನ ಮಗಳು, ನಾನು ಬರೀ ಸುಣ್ಣದ ಗೆರೆ ಹಾಕುವವ. ಹೊಸಬರು ಯಾರು ಬಂದರೂ ಮೊದಲನೆಯ ದಿನ ಹತ್ತೇ ಬೀಜ. ಬರುವವರು ಕುಡಿಯುವ ನೀರು ಮನೆಯಿಂದ ತರಬೇಕು, ಬಯಲಿನ ನಳಕ್ಕೆ ಆ ಹೊತ್ತಿಗೆ ನೀರು ಬಂದಿರುವುದಿಲ್ಲ.